ವಿಬೇಕೆಯ ಏಳು ಹೆಜ್ಜೆ

ಮೂರನೆಯ ಸಲವೂ ಸಂಕೇತದ ಬಲದ ಅಂಕಿ ಶೇಕಡಾ ಹದಿನೈದರ ಹತ್ತಿರವೇ ನಿಂತಿತು. ಬರಬೇಕಾಗಿದ್ದದ್ದು ಮೂವತ್ತು.

ಲಿಂಗ್ಬಿ ಊರಿನ ಆ ಪ್ರಯೋಗಾಲಯದಲ್ಲಿ ವಿಬೇಕೆ ಇಪ್ಪತ್ತಾರು ವರ್ಷದಿಂದ ತಂತ್ರಜ್ಞೆ. ಕಡು ಶೀತದ ದೊಡ್ಡ ಯಂತ್ರದಲ್ಲಿ ಇಂಗಾಲದ ಮಾದರಿಯನ್ನು ಒಂದೂವರೆ ಗಂಟೆ ಹದಗೊಳಿಸಿದರೆ ಅದರ ಕಾಂತ ಸಂಕೇತ ಸಾವಿರಾರು ಪಟ್ಟು ಬಲಿಯುತ್ತದೆ. ಬಿಸಿನೀರಿನಲ್ಲಿ ಕರಗಿಸಿದ ಗಳಿಗೆಯಿಂದ ಅದರ ಆಯುಷ್ಯ ಒಂದೆರಡು ನಿಮಿಷ. ಅಷ್ಟರೊಳಗೆ ಸಿರಿಂಜಿನಲ್ಲಿ ಹಿಡಿದು, ಏಳು ಹೆಜ್ಜೆ ಓಡಿ, ಮೇಜಿನ ಮೇಲಿನ ಪುಟ್ಟ ಯಂತ್ರದ ಕೊಳವೆಗೆ ತುಂಬಿ ಅಳೆಯಬೇಕು. ಓಡುವುದು ವಿಬೇಕೆಯ ಕೆಲಸ. ಐವತ್ತೆಂಟರ ಅವಳ ಮೊಣಕಾಲು ವಾರದಿಂದ ಊದಿಕೊಂಡಿತ್ತು.

“ದಾರೀಲೇ ಅರ್ಧ ಸಂಕೇತ ಸೋರಿಹೋಗ್ತಿದೆ,” ಎಂದ ಆಸ್ಗರ್, ಪರದೆಯಿಂದ ಕಣ್ಣು ಕೀಳದೆ. ಲೆಕ್ಕವೆಲ್ಲ ಆ ತರುಣ ಸಂಶೋಧಕನದು. “ಸ್ವಲ್ಪ ಬೇಗ ಕಾಲು ಹಾಕು ವಿಬೇಕೆ. ಇದೇನು ಕೆರೆ ದಂಡೆ ಮೇಲಿನ ವಾಕಿಂಗಾ?”

“ಹಾಗಿದ್ರೆ ಒಂದು ಕುದುರೆ ಕೊಡ್ಸು,” ಎಂದಳು. ಇಬ್ಬರೂ ನಗಲಿಲ್ಲ.

ಅವನು ಊಟಕ್ಕೆ ಹೋದ. ಅವಳು ಕರಿ ರೈ ಬ್ರೆಡ್ಡನ್ನು ಒಂದು ತುತ್ತು ಕಚ್ಚಿ ಹಾಗೇ ಇಟ್ಟಳು. ಏಳು ಹೆಜ್ಜೆಗೆ ಹತ್ತರಲ್ಲೊಂದು ಪಾಲೂ ಸೋರದು. ಉಳಿದದ್ದು ಎಲ್ಲಿ ಹೋಯಿತು?

ಸಂಕೇತ ಒಂದೇ ಸಲಕ್ಕೆ ಖರ್ಚಾಗದಿರಲೆಂದು ಆಸ್ಗರ್ ಅಳೆಯುವಾಗ ಮಾದರಿಯ ಕಾಂತತ್ವವನ್ನು ಹತ್ತೇ ಡಿಗ್ರಿ ವಾಲಿಸುವ, ರೇಡಿಯೋ ಅಲೆಯ ಪುಟ್ಟ ಪಲ್ಸ್ ಕೊಡುತ್ತಿದ್ದ. ತೊಂಬತ್ತು ಡಿಗ್ರಿಯ ಪೂರ್ತಿ ಪಲ್ಸಿನ ಹೊತ್ತನ್ನು ಒಂಬತ್ತರಿಂದ ಭಾಗಿಸಿದರೆ ಅದು ಸಿಗುತ್ತದೆಂದು ಅವನ ನಂಬಿಕೆ. ವಿಬೇಕೆ ಹದಗೊಳಿಸದ, ಗಾಢ ದ್ರವದ ಮಾದರಿಯೊಂದನ್ನು ಕೊಳವೆಗೆ ಇಳಿಸಿ, ಎರಡೂ ಪಲ್ಸುಗಳನ್ನು ಮತ್ತೆಮತ್ತೆ ಕೊಟ್ಟು ಹೋಲಿಸಿದಳು. ಪುಟ್ಟದು ಹತ್ತಲ್ಲ, ಐದು ಡಿಗ್ರಿಯನ್ನೂ ಸರಿಯಾಗಿ ಮುಟ್ಟಿರಲಿಲ್ಲ. ಅಳೆಯುವ ಯಂತ್ರ ಪೂರ್ತಿ ಬಲಕ್ಕೇರುವ ಮೊದಲೇ ಅದು ಮುಗಿದುಹೋಗುತ್ತಿತ್ತು. ಹತ್ತೆಂದು ನಂಬಿ ಮಾಡಿದ ಲೆಕ್ಕದಲ್ಲಿ ಅಂಕಿ ಅರ್ಧವೇ ಬರುತ್ತಿತ್ತು.

ಆಸ್ಗರ್ ಬಂದವನು ಪರದೆಯ ಮೇಲೆ ಎರಡೂ ಪಲ್ಸುಗಳ ಗೆರೆಗಳನ್ನು ಹೋಲಿಸಿ ನೋಡಿದ. ಅವನ ಕಿವಿ ಕೆಂಪಾಯಿತು.

“ನಿನ್ನ ಕಾಲಿನ ತಪ್ಪಲ್ಲ.”

“ಗೊತ್ತು.”

“ಹೋದ ತಿಂಗಳು ಕಳಿಸಿದ ವರದೀಲೂ...”

“ಇದೇ ಪಲ್ಸು. ತಿದ್ದಿ ಬರೀಬೇಕು.”

ಅವನು ತಲೆಯಾಡಿಸಿದ. ಮಧ್ಯಾಹ್ನದ ಮಾದರಿ ಹದಕ್ಕೆ ಬಂದಾಗ ಸಿರಿಂಜನ್ನು ತಾನೇ ಹಿಡಿದು ಓಡಿದ. ದ್ರವದ ಕಾಲು ಭಾಗ ನೆಲಕ್ಕೆ ಚೆಲ್ಲಿತು. ಹಿಡಿದ ಹೊತ್ತೂ ಅವಳಿಗಿಂತ ಒಂದು ಸೆಕೆಂಡು ಹೆಚ್ಚು. ಸರಿಯಾದ ಕೋನ ಹಾಕಿದ ಮೇಲೆ ಅಂಕಿ ಇಪ್ಪತ್ತೊಂಬತ್ತು ಬಂತು.

ಖುಷಿಪಡುವಷ್ಟು ತ್ರಾಣ ಇಬ್ಬರಲ್ಲೂ ಉಳಿದಿರಲಿಲ್ಲ. ತಿದ್ದಬೇಕಾದ ಹಳೆಯ ಅಳತೆಗಳು ನಲವತ್ತೊಂದಿದ್ದವು. ಆಸ್ಗರ್ ಮೊದಲನೆಯದನ್ನು ತೆರೆದ. ವಿಬೇಕೆ ಇನ್ನೊಂದು ಸ್ಟೂಲನ್ನು ಎಳೆದುಕೊಂಡು, ಅದರ ಮೇಲೆ ಕಾಲು ಚಾಚಿ, ತಾರೀಖುಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದಳು.