ಚಿತ್ರದ ಕೆಳಗೆ ಬರೆದ ಊರು

ಬಣ್ಣದ ತಟ್ಟೆಗಳನ್ನು ವಿಭಾ ತೊಳೆಯುತ್ತಿದ್ದಳು, ಸೋಮಿರಾ ಎಂಬ ಹುಡುಗಿ ಒರೆಸುತ್ತಿದ್ದಳು. ಶಾಲೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಹಸಿರು ಹೋಗಲು ಹೊತ್ತು ಹಿಡಿಯಿತು. ಸೋಮಿರಾ ಒಂದೊಂದು ತಟ್ಟೆಯನ್ನೂ ಫ್ರಾಕಿನ ಅಂಚಿನಲ್ಲಿ ಒರೆಸಿ ಬಿಸಿಲಿಗೆ ಮಗುಚಿಡುತ್ತಿದ್ದಳು. ಏನಾದರೂ ಕೇಳಬೇಕೆಂದು ವಿಭಾಳಿಗೆ ಅನ್ನಿಸಿತು. ಏನು ಕೇಳಿದರೂ ಅದು ಕೇಳಲೇಬೇಕೆಂದು ಕೇಳಿದ ಹಾಗೆ ಇರುತ್ತದೆ ಎನಿಸಿ ಮುಂದಿನ ತಟ್ಟೆ ಎತ್ತಿಕೊಂಡಳು.

ಗುಬ್ಬಿಯ ಹೊರಗೆ, ನಾರಿನ ಕಾರ್ಖಾನೆಯ ಶೆಡ್ಡುಗಳಲ್ಲಿ, ಬರ್ಮಾದಿಂದ ಜೀವ ಉಳಿಸಿಕೊಂಡು ಬಂದ ಕೆಲವು ಸಂಸಾರಗಳಿದ್ದವು. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವುದು ಅವರ ಕೆಲಸ. ಊರವರು ಅವರನ್ನು ಅಸ್ಸಾಂನವರು ಎನ್ನುತ್ತಿದ್ದರು. ಬೇಸಿಗೆ ರಜೆಗೆ ಆ ಮಕ್ಕಳನ್ನೂ ಊರಿನ ಮಕ್ಕಳನ್ನೂ ಸೇರಿಸಿ ಚಿತ್ರಕಲಾ ಶಿಬಿರ ಮಾಡಬೇಕೆಂದು ತುಮಕೂರಿನ ಟ್ರಸ್ಟೊಂದರ ಅಂಬುಜಮ್ಮನವರಿಗೆ ಹೊಳೆಯಿತು. ಚಿತ್ರಕಲೆಯಲ್ಲಿ ದೊಡ್ಡ ಡಿಗ್ರಿ ಪಡೆದು, ಆಮೇಲೆ ಒಂದು ಗೆರೆಯನ್ನೂ ಎಳೆಯದೆ ಕೂತಿದ್ದ ವಿಭಾಳನ್ನು ಅವರೇ ಕರೆದು, ಆ ಮಕ್ಕಳು ನಿಜವಾಗಿ ಎಲ್ಲಿಯವರೆಂದೂ ಹೇಳಿದ್ದರು. ಇವತ್ತು ಕೊನೆಯ ದಿನ. ಪ್ರದರ್ಶನ.

ಕೊಟ್ಟ ವಿಷಯ 'ನಮ್ಮೂರು'. ಮೊದಲ ದಿನ ವಿಭಾ ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು ಬರೆದು ತೋರಿಸಿದ್ದಳು.

"ಮಿಸ್, ಇದು ನಿಮ್ಮೂರಾ?" ಎಂದು ಯಾರೋ ಕೇಳಿದರು.

"ಹೂಂ" ಎಂದಿದ್ದಳು. ಅವಳು ಬೆಳೆದದ್ದು ತುಮಕೂರಿನ ಬಾಡಿಗೆ ಮನೆಗಳಲ್ಲಿ. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ಗೋಡೆ.

ಶೆಡ್ಡಿನ ಹುಡುಗಿ ಸೋಮಿರಾ ನಾರಿನ ಕಾರ್ಖಾನೆ ಬರೆದಿದ್ದಳು. ಒಣಗಲು ಹರವಿದ ಹಳದಿ ನಾರು, ಅದರ ಮೇಲೆ ಮಲಗಿದ ನಾಯಿ, ದೂರದಲ್ಲಿ ರೈಲ್ವೆ ಗೇಟು. ನಾಯಿ ನಗುತ್ತಿತ್ತು.

"ಇದಲ್ಲ ಪುಟ್ಟ. ನಿನ್ನ ನಿಜವಾದ ಊರು."

"ಇದೇ ಮಿಸ್."

"ಅಲ್ಲ. ಮೊದಲು ಇದ್ರಲ್ಲ, ಅದು."

ಸರಿಯಾದ ಲೆಕ್ಕಕ್ಕೆ ತಪ್ಪು ಹಾಕಿದ ಟೀಚರನ್ನು ನೋಡುವಂತೆ ಹುಡುಗಿ ನೋಡಿದಳು. ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡಳು. ಗದ್ದೆ, ಹಲಸಿನ ಮರ, ಬಾಗಿಲು ತೆರೆದ ಮನೆ. ಎಲ್ಲ ಹಸಿರು.

"ಜನ ಎಲ್ಲಿ?"

"ಇಲ್ಲ."

ವಿಭಾ ಆ ತೆರೆದ ಬಾಗಿಲನ್ನೇ ನೋಡಿದಳು. ನೋವಿನ ಜೊತೆಗೇ ಖುಷಿಯಂಥದ್ದೇನೋ ಇತ್ತು, ಹುಡುಕುತ್ತಿದ್ದ ವಸ್ತು ಕೊನೆಗೂ ಕೈಗೆ ಸಿಕ್ಕಂಥ ಖುಷಿ. ಅದನ್ನು ಗಮನಿಸಿಯೂ ಗಮನಿಸದವಳಂತೆ, ಚಿತ್ರದ ಕೆಳಗೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: ಸೋಮಿರಾ, ಬರ್ಮಾ.

ಈಗ ಅಂಬುಜಮ್ಮ ಕಾರಿನಿಂದ ಇಳಿದವರೇ ಆ ಚಿತ್ರದ ಮುಂದೆ ನಿಂತರು.

"ಅಯ್ಯೋ, ಎಷ್ಟು ಟಚಿಂಗಾಗಿದೆ ಕಣೇ! ಬಾಗಿಲ ಎದುರಿಗೇ ಹಾಕು."

"ಒಳಗಿರಲಿ ಅಂತ..."

"ಒಳಗೆ ಬಂದು ಯಾರು ನೋಡ್ತಾರೆ?"

ವಿಭಾ ಬಾಗಿಲ ಎದುರಿಗೆ ಅಂಟಿಸಿದಳು.

ಹನ್ನೊಂದರ ಹೊತ್ತಿಗೆ ಕಾರ್ಖಾನೆಯ ಮಾಲೀಕ ಸಂಗಮೇಶ್ ಮಜ್ಜಿಗೆಯ ಕ್ಯಾನು ಹಿಡಿದು ತಾನೇ ಬಂದ. ಊರ ಹುಡುಗನೊಬ್ಬ ಅವನ ಚಿತ್ರವನ್ನೇ ಬರೆದಿದ್ದ.

"ಏನ್ಲಾ, ನನ್ ಹೊಟ್ಟೆ ಇಷ್ಟು ದಪ್ಪ ಐತೇನ್ಲಾ?"

"ಪೇಪರ್ ಸಾಕಾಗ್ಲಿಲ್ಲ ಅಣ್ಣ. ಇನ್ನೂ ಸ್ವಲ್ಪ ಐತೆ."

ಎಲ್ಲರೂ ನಕ್ಕರು. ಸಂಗಮೇಶ್ ನಗುತ್ತಲೇ ಈ ಕಡೆ ತಿರುಗಿ ಹಸಿರು ಚಿತ್ರ ನೋಡಿದ. ಕೆಳಗೆ ಓದಿದ. ನಗು ತುಟಿಯ ಮೇಲೆ ಇನ್ನೊಂದಿಷ್ಟು ಹೊತ್ತು ಉಳಿದಿತ್ತು.

"ಇದನ್ನ ಬರ್ದಿದ್ದು ಯಾರು ಮೇಡಂ?"

"ಸೋಮಿರಾ. ನಿಮ್ಮ ಕಾರ್ಖಾನೆಯ..."

"ಚಿತ್ರ ಅಲ್ಲ. ಅಕ್ಷರ."

"ನಾನು."

"ನಂಗೆ ಅಸ್ಸಾಂ ಅಂದಿದ್ರು. ಅಸ್ಸಾಂ ಅಂತಾನೇ ಇಟ್ಕೊಂಡಿದ್ದೆ."

"ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಗೊತ್ತಿರೋದು ಬೇರೆ ಮೇಡಂ, ಗೋಡೆ ಮೇಲೆ ಬರೆಯೋದು ಬೇರೆ. ನಾಳೆ ಪೊಲೀಸ್ ಸ್ಟೇಷನ್ನಿಂದ ಬಂದು ಕೇಳಿದ್ರೆ ಗೊತ್ತಿಲ್ಲ ಅಂತ ಹೆಂಗೆ ಹೇಳ್ಲಿ? ಗೊತ್ತಿಲ್ಲ ಅಂತಿದ್ದೆ, ಅವ್ರು ಇದ್ರು. ಅಷ್ಟೇ."

"ತೆಗೀತೀನಿ."

ಅಷ್ಟರಲ್ಲಿ ಹಿಂದೆ ಯಾರೋ ಗಟ್ಟಿಯಾಗಿ ಓದಿದರು. "ಬರ್ಮಾ ಅಂತೆ ಕಣೋ. ಅಸ್ಸಾಂ ಅಲ್ವಂತೆ." ಒಬ್ಬ ಮೊಬೈಲ್ ಎತ್ತಿ ಫೋಟೊ ತೆಗೆದುಕೊಂಡ.

"ಅವ್ರೆಲ್ಲ ಇವತ್ತೇ ಹೊರಡ್ಲಿ," ಎಂದ ಸಂಗಮೇಶ್. ಕ್ಯಾನನ್ನು ಬೆಂಚಿನ ಮೇಲಿಟ್ಟು ಹೋದ.

ವಿಭಾ ಚಿತ್ರ ಕಿತ್ತಳು. ಗೋಂದು ಗಟ್ಟಿಯಾಗಿತ್ತು, ಮನೆ, ಮರ ಕೈಗೆ ಬಂದವು, ಅಕ್ಷರಗಳಿದ್ದ ಪಟ್ಟಿ ಗೋಡೆಯಲ್ಲೇ ಉಳಿಯಿತು. ಉಗುರಿನಿಂದ ಕೆರೆಯತೊಡಗಿದಳು.

"ಯಾಕೆ ತೆಗ್ದೆ?" ಎಂದರು ಅಂಬುಜಮ್ಮ.

"ಅವರನ್ನ ಕಳಿಸಿಬಿಡ್ತಾರಂತೆ."

"ಹೌದಾ?"

"ನೀವು ಒಂದು ಮಾತು ಹೇಳಿದ್ರೆ..."

"ಹೇಳೋಣ, ಹೇಳೋಣ. ಫೋನ್ ಮಾಡ್ತೀನಿ."

"ಯಾವಾಗ?"

"ಮುಖ ಎಷ್ಟು ಬಾಡಿದೆ ನೋಡು. ಮೊದ್ಲು ಮಜ್ಜಿಗೆ ಕುಡಿ."

ವಿಭಾ ಮಜ್ಜಿಗೆ ಕುಡಿದಳು. ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಭಾಷಣಗಳಾದವು. ಅವಳಿಗೂ ಒಂದು ಶಾಲು ಹೊದಿಸಿದರು. ಶೆಡ್ಡಿನ ಮಕ್ಕಳು ಕೂತಿದ್ದ ಸಾಲು ಆಗಲೇ ಖಾಲಿಯಾಗಿತ್ತು.

ಸಂಜೆ ಕಾರ್ಖಾನೆಗೆ ನಡೆದು ಹೋದಳು. ದಾರಿಯಲ್ಲಿ ಕ್ಷಮೆ ಕೇಳಲು ಒಂದು ವಾಕ್ಯವನ್ನು ಜೋಡಿಸಿಕೊಂಡಳು. ಮೊದಲು ಅದರಲ್ಲಿ 'ನಾನು' ಇತ್ತು. ತೆಗೆದು ನೋಡಿದಳು. ಆಗ ಏನೂ ಉಳಿಯಲಿಲ್ಲ.

ಶೆಡ್ಡಿನ ಮುಂದೆ ಲಗೇಜ್ ಆಟೊ ನಿಂತಿತ್ತು. ಸೋಮಿರಾಳ ಅಪ್ಪ ಗಂಟುಗಳನ್ನು ಮೇಲೆ ಎಸೆಯುತ್ತಿದ್ದ. ತಾಯಿ ದಿಲ್‌ದಾರ್ ಹಗ್ಗ ಬಿಗಿಯುತ್ತಿದ್ದಳು. ಉಳಿದ ಶೆಡ್ಡುಗಳ ಮುಂದೆಯೂ ಪಾತ್ರೆಗಳು ಹೊರಬಂದಿದ್ದವು. ಸೋಮಿರಾ ಗಂಟುಗಳ ನಡುವೆ ಹತ್ತಿ ಕೂತಿದ್ದಳು. ವಿಭಾಳನ್ನು ನೋಡಿ ಅಭ್ಯಾಸಬಲದಿಂದ ಎದ್ದು ನಿಂತು, ಮತ್ತೆ ಕೂತಳು.

"ದಿಲ್‌ದಾರ್, ನಾನು..."

"ಸ್ವಲ್ಪ ಕಾಲು ಮಿಸ್."

ವಿಭಾ ಕೆಳಗೆ ನೋಡಿದಳು. ಹಗ್ಗದ ತುದಿಯ ಮೇಲೆ ನಿಂತಿದ್ದಳು. ಕಾಲು ತೆಗೆದಳು. ದಿಲ್‌ದಾರ್ ಎಳೆದು ಗಂಟು ಹಾಕಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಿಭಾ ಅದರ ಮುಂದೆ ಏನಾದರೂ ಹೇಳಬಹುದಿತ್ತು.

ಡ್ರೈವರ್ ಬೀರಯ್ಯ ಇಂಜಿನ್ ಶುರು ಮಾಡಿದ. "ಯಾವೂರಿಗಮ್ಮ?"

ದಿಲ್‌ದಾರ್ ಸಂಗಮೇಶನ ಕಡೆ ನೋಡಿದಳು. ಅವನು ಅಷ್ಟು ದೂರದಲ್ಲಿ ಬೆನ್ನು ತಿರುಗಿಸಿ ಫೋನ್ ಕಿವಿಗಿಟ್ಟುಕೊಂಡಿದ್ದ. ಮಾತಾಡುತ್ತಿರಲಿಲ್ಲ.

"ಸೀದಾ," ಎಂದಳು ಅವಳು.

"ಸೀದಾ ಅಂದ್ರೆ ಒಂದ್ ಊರು ಬ್ಯಾಡ್ವಾ? ತುಮಕೂರ್ ಕಡೆಗೋ, ಕುಣಿಗಲ್ ಕಡೆಗೋ? ಹೇಳ್ಬುಡಿ, ಡೀಸೆಲ್ ಉರೀತದೆ."

ಕುಣಿಗಲ್, ಹುಲಿಯೂರುದುರ್ಗ, ಬೆಳ್ಳಾವಿ. ಹೆಸರುಗಳು ಬಸ್ಸಿನ ಬೋರ್ಡುಗಳ ಹಾಗೆ ವಿಭಾಳ ಕಣ್ಣ ಮುಂದೆ ಹಾದುಹೋದವು. ಯಾವ ಊರಿನಲ್ಲೂ ಅವಳಿಗೆ ಒಂದು ಬಾಗಿಲು ಗೊತ್ತಿರಲಿಲ್ಲ.

ನಾರಿನ ಯಂತ್ರ ನಿಂತು ಬಹಳ ಹೊತ್ತಾಗಿದ್ದರೂ ಧೂಳು ಇನ್ನೂ ಗಾಳಿಯಲ್ಲೇ ಇತ್ತು. ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಅದರ ಆಚೆ ಆಟೊ, ಇಂಜಿನ್ ಓಡುತ್ತಿದ್ದರೂ ನಿಂತಲ್ಲೇ ನಡುಗುತ್ತಿತ್ತು.

ದಿಲ್‌ದಾರ್ ವಿಭಾಳ ಕಡೆ ತಿರುಗಿದಳು.

"ನೀವೇ ಒಂದು ಊರು ಹೇಳಿ ಮಿಸ್."