ಮೆದೆಯೊಳಗೆ ಬಿಟ್ಟುಬಂದ ಮೊಟ್ಟೆ

ಜಾರ್ಲತ್ ಬಂದ ದಿನ ಅವನನ್ನು ಮೊದಲು ಕಂಡವರು ನನ್ನ ಮಾವ ಮರ್ಟ್ ಲೆನಿಹನ್, ಅದೂ ಬೇಲಿಯ ಸಂದಿಯಿಂದ.

"ಮೇಷ್ಟ್ರೇ, ಯಾವನೋ ಗೇಟಿನ ಹತ್ರ ನಿಂತ್ಕೊಂಡು ನಮ್ಮ ಹೊಲ ನೋಡಿ ನಗ್ತಾ ಇದಾನೆ. ಹೊಲ ನೋಡಿ ನಗೋನು ಒಳ್ಳೇ ಕೆಲಸಕ್ಕೆ ಬಂದಿರಲ್ಲ" ಎಂದರು.

ಅವರ ಅಳಿಯನಾಗಿ ಐದು ವರ್ಷವಾಗಿತ್ತು. ಆದರೂ ಊರ ಶಾಲೆಯಲ್ಲಿ ಪಾಠ ಹೇಳುವವನಾದ್ದರಿಂದ ಅವರ ಬಾಯಲ್ಲಿ ನಾನು ಮೇಷ್ಟ್ರೇ. ಡಬ್ಲಿನ್‌ನಿಂದ ಬಂದವರ ಮೇಲೆ ಲಿಮರಿಕ್ ಸೀಮೆಯ ರೈತರಿಗೆ ಇರುವ ಅನುಮಾನವೂ ಆ ಕರೆಯಲ್ಲಿ ಒಂದಿಷ್ಟು ಇರುತ್ತಿತ್ತು.

ಹೋಗಿ ನೋಡಿದರೆ ಜಾರ್ಲತ್, ಟ್ರೈನಿಂಗ್ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಒಳಗೆ ಕರೆತಂದೆ. ನನ್ನ ಹೆಂಡತಿ ನೋರೀನ್ ಚಹಾ ಇಟ್ಟಳು, ಬ್ರೆಡ್ಡು ಕೊಯ್ದಳು. ಮಾವ ಒಲೆಯ ಪಕ್ಕದಲ್ಲಿ ಟೋಪಿ ತೆಗೆಯದೆ ಕೂತರು.

"ಮಲಾಕಿ, ಐದು ವರ್ಷದಿಂದ ಇಲ್ಲೇ ಇದ್ದೂ ನಿನಗೆ ಗೊತ್ತಾಗ್ಲಿಲ್ವೇನೋ?" ಎಂದ ಜಾರ್ಲತ್. "ಸೈಕಲ್ ಹೊಡ್ಕೊಂಡು ಬಂದಾಗ ನಾವು ಮಲಗಿದ್ದು ಇದೇ ಹೊಲದಲ್ಲಿ ಕಣೋ! ಗೇಟಿನ ಪಕ್ಕ ಬಿದ್ದಿರೋ ಆ ಬೀಸುಕಲ್ಲಿನ ಮೇಲೆ ಕೂತು ಕೊಲ್ಮನ್ ಕಾಲ್ಚೀಲ ಹಿಂಡಿದ್ದ."

ನಲವತ್ತೊಂಬತ್ತನೇ ಇಸವಿಯ ಬೇಸಿಗೆ ಅದು. ಜಾರ್ಲತ್, ನಮ್ಮ ಜೊತೆಯವನೇ ಆದ ಕೊಲ್ಮನ್, ನಾನು, ಮೂವರಿಗೂ ಒಂದೇ ಮಳೆಯಂಗಿ, ದಿನಕ್ಕೊಂದು ಪಂಕ್ಚರು. ಪಕ್ಕದ ಕ್ಲೇರ್ ಸೀಮೆಯಲ್ಲಿ ಒಬ್ಬ ಹೆಂಗಸು ನಮ್ಮ ಬಟ್ಟೆ ಒಣಗುವ ತನಕ ತನ್ನ ಗಂಡನ ಪ್ಯಾಂಟುಗಳನ್ನು ಕೊಟ್ಟು ಕೂರಿಸಿದ್ದಳು. ಅವನು ನಮ್ಮ ಎರಡರಷ್ಟು ದಪ್ಪ. ಅಷ್ಟು ಸುಖವಾಗಿ ನಾನು ಆಮೇಲೆ ಎಂದೂ ನಕ್ಕಿಲ್ಲ. ಆದರೆ ಈ ಹೊಲವನ್ನು ಮಳೆಯ ಮುಸ್ಸಂಜೆಯಲ್ಲಿ ಕಂಡಿದ್ದೆ. ನೆನಪಿರಲಿಲ್ಲ.

"ಒಡೆದು ಹೋಗ್ಬಾರ್ದು ಅಂತ ಮೊಟ್ಟೆಗಳನ್ನ ಹುಲ್ಲಿನ ಮೆದೆಯೊಳಗೆ ತುರುಕಿದ್ಯಲ್ಲೋ ನೀನು! ಬೆಳಿಗ್ಗೆ ನಾಯಿ ಅಟ್ಟಿಸ್ಕೊಂಡು ಬಂತು ನೋಡು, ಮೊಟ್ಟೆ ಅಲ್ಲೇ ಬಿಟ್ಟು ಓಟ!"

ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ನೋಡಿದರೆ ನೋರೀನ್ ನಗುತ್ತಿರಲಿಲ್ಲ.

"ಎಷ್ಟು ಮೊಟ್ಟೆ?" ಮಾವ ಕೇಳಿದರು.

"ಐದು, ಯಜಮಾನ್ರೇ. ತಗೊಂಡಿದ್ದು ಆರು, ಒಂದನ್ನ ಕೊಲ್ಮನ್ ಹಸೀದೇ ನುಂಗಿದ."

"ನನಗೆ ಸಿಕ್ಕಿದ್ದು ನಾಲ್ಕು" ಎಂದು ಎದ್ದು ಕೊಟ್ಟಿಗೆಗೆ ಹೋದರು.

ನೋರೀನ್ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿ ಹೇಳಿದಳು. ಇಲ್ಲಿ ಇನ್ನೊಬ್ಬರ ಹುಲ್ಲಿನಲ್ಲಿ ಮೊಟ್ಟೆ ಇಟ್ಟರೆ ಅದು ಪಿಶೋಗ್, ಮಾಟ. ಮೊಟ್ಟೆ ಕೊಳೆತ ಹಾಗೆ ಆ ಮನೆಯ ಏಳಿಗೆಯೂ ಕೊಳೆಯಲಿ ಎಂದು ಇಡುವುದು. ಆ ವರ್ಷ ಎರಡು ಹಸು ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಮಾವ ಮೊಟ್ಟೆಗಳನ್ನು ಕೈಯಿಂದ ಮುಟ್ಟದೆ ಸಲಿಕೆಯಲ್ಲಿ ಎತ್ತಿ ಸುಟ್ಟು, ಪಾದ್ರಿಯನ್ನು ಕರೆಸಿ ಹೊಲಕ್ಕೆಲ್ಲ ಪವಿತ್ರ ನೀರು ಚಿಮುಕಿಸಿದ್ದರು. ಬೇಲಿಯಾಚೆಯ ವಿಧವೆ ಹನೋರಾ ಕ್ವೇಡ್ ಅದಕ್ಕೆ ವಾರದ ಹಿಂದಷ್ಟೇ ಕಾಲುವೆಯ ವಿಷಯಕ್ಕೆ ಮಾವನೊಡನೆ ಜಗಳವಾಡಿದ್ದಳು. ಯಾರೂ ಅವಳ ಹೆಸರು ಹೇಳಲಿಲ್ಲ. ಸುಗ್ಗಿಯಲ್ಲಿ ಒಬ್ಬರಿಗೊಬ್ಬರು ಕೈಜೋಡಿಸುತ್ತಿದ್ದ ಒಂಬತ್ತು ಮನೆಯವರು ಅವಳ ಹುಲ್ಲಿನ ಕೆಲಸಕ್ಕೆ ಹೋಗುವುದನ್ನು ಬಿಟ್ಟರು, ಅಷ್ಟೆ.

ಈಗಲೂ ಅವಳ ಹುಲ್ಲು ಕೊಯ್ದು ಮೂರು ದಿನವಾಗಿ ನೆಲದಲ್ಲೇ ಬಿದ್ದಿತ್ತು. ಪಡುವಣಕ್ಕೆ ಮೋಡ ಕಟ್ಟುತ್ತಿತ್ತು. ಮಳೆ ಬಂದರೆ ಚಳಿಗಾಲಕ್ಕೆ ಅವಳ ದನಗಳಿಗೆ ಮೇವಿಲ್ಲ.

ನಾನು ಕೊಟ್ಟಿಗೆಗೆ ಹೋದೆ.

"ಮಾವ, ಅವು ನಾವಿಟ್ಟಿದ್ದ ಮೊಟ್ಟೆಗಳು."

"ಐದಕ್ಕೂ ನಾಲ್ಕಕ್ಕೂ ಇರೋ ವ್ಯತ್ಯಾಸ ಮಕ್ಕಳಿಗೆ ಕಲಿಸೋದು ನೀವೇ ಅಲ್ವೇ?"

"ಒಂದನ್ನ ಕಾಗೆ ತಿಂದಿರತ್ತೆ."

"ಒಂದು ತಿಂದು ನಾಲ್ಕು ಉಳಿಸಿ ಹೋಗೋ ಅಂಥ ಮರ್ಯಾದಸ್ಥ ಕಾಗೇನ ನಾನು ಕಂಡಿಲ್ಲ. ನಿಮ್ಮ ಸ್ನೇಹಿತನಿಗೆ ಈ ಕತೆ ಹೇಳ್ಕೊಟ್ಟಿದ್ದು ಬೇಲಿಯಾಚೆಯವಳೇ."

ಅಲ್ಲಿಂದ ಬೇಲಿಯ ಹತ್ತಿರ ಹೋದೆ. ಹನೋರಾ ಒಬ್ಬಳೇ ಹುಲ್ಲು ತಿರುವುತ್ತಿದ್ದಳು. ನನ್ನನ್ನು ಬೇಲಿ ದಾಟಲು ಬಿಡಲಿಲ್ಲ. ಹೇಳಿದ್ದನ್ನೆಲ್ಲ ಕೋಲೂರಿ ನಿಂತು ಕೇಳಿದಳು.

"ಮರ್ಟ್ ಕಳಿಸಿದ್ನಾ? ಬಾವಿ ಇರೋ ನನ್ನ ಹೊಲದ ಮೇಲೆ ಕಣ್ಣಾ ಅವನಿಗೆ?"

"ಇಲ್ಲಮ್ಮ. ನಾನೇ ಬಂದೆ."

"ನಾನಿಟ್ಟಿಲ್ಲ ಅನ್ನೋದು ನನಗೆ ಗೊತ್ತಿಲ್ವಾ? ನನ್ನ ಹತ್ರ ಬಂದು ಹೇಳಿದ್ರೆ ಏನು ಬಂತು! ನಾಳೆ ಹಾಲಿನ ಡೈರಿ ಮುಂದೆ ಹೇಳಿ, ಎಲ್ಲರೂ ಕ್ಯಾನು ಇಟ್ಕೊಂಡು ನಿಂತಿರ್ತಾರಲ್ಲ, ಆಗ."

ಮಾರನೆಯ ಬೆಳಿಗ್ಗೆ ಹೇಳಿದೆ. ಜಾರ್ಲತ್ ಪಕ್ಕದಲ್ಲಿ ನಿಂತು ಕಾಲ್ಚೀಲದ ಕತೆಯನ್ನೂ ಪ್ಯಾಂಟಿನ ಕತೆಯನ್ನೂ ಸೇರಿಸಿದ. ಯಾರೂ ನಗಲಿಲ್ಲ. ಗಾಡಿಗಳ ಸಾಲಿನಲ್ಲಿ ಯಾರದೋ ಕುದುರೆ ಸೀನಿತು.

"ಮೂರು ಜನದಲ್ಲಿ ಮೆದೆಯೊಳಗೆ ಕೈ ಹಾಕಿದ್ದು ಯಾರು?" ಎಂದು ಒಬ್ಬ ಮುದುಕ ಕೇಳಿದ.

"ನಾನು."

"ಆಮೇಲೆ ಆ ಮನೆಯ ಹುಡುಗೀನೇ ಮದುವೆ ಆದ್ರಿ."

"ಆ ಹೊಲ ಇವರದು ಅಂತ ನನಗೆ ಗೊತ್ತಿರಲಿಲ್ಲ."

"ಹೂಂ. ಹೇಗೆ ಗೊತ್ತಿರತ್ತೆ?" ಎಂದವನು, ತನ್ನ ಹಾಲಿನ ಕ್ಯಾನನ್ನು ಕಾಲಿನಿಂದ ಮೆಲ್ಲಗೆ ಆಚೆ ಸರಿಸಿಕೊಂಡ.

ಮಧ್ಯಾಹ್ನ ಹನೋರಾಳ ಹೊಲದಲ್ಲಿ ಆರು ಜನ ಕವೆಗೋಲು ಹಿಡಿದು ನಿಂತಿದ್ದರು. ಮಾವ ಬರಲಿಲ್ಲ. ನಾನೂ ಹೋದೆ. ಅವರು ಇಬ್ಬಿಬ್ಬರಾಗಿ ಮೆದೆ ಒಟ್ಟಿದರು. ನನಗೆ ಬೇಲಿಯ ಮೂಲೆ ತೋರಿಸಿದರು. ಜಾರ್ಲತ್ ಹೊರಟುಹೋಗಿದ್ದ, ಒಬ್ಬನೇ ಒಟ್ಟಿದೆ. ಹನೋರಾ ಎಲ್ಲರಿಗೂ ಚಹಾ ಕೊಟ್ಟಳು. ಕೊನೆಗೆ ಮೆದೆಗಳಿಗೆ ಹಗ್ಗ ಬಿಗಿಯುತ್ತ ನನ್ನ ಹತ್ತಿರ ಬಂದಳು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಅಂಗಿಯ ತೋಳು ಮಡಿಸಿ, ನಾನು ಒಟ್ಟಿದ ಹುಲ್ಲಿನೊಳಗೆ ಭುಜದವರೆಗೂ ಕೈ ಹಾಕಿ ಸುತ್ತಲೂ ತಡಕಾಡಿದಳು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ" ಎಂದು ಹಗ್ಗದ ಒಂದು ತುದಿಯನ್ನು ನನ್ನ ಕಡೆ ಎಸೆದಳು.