ಅಜ್ಜಿಯ ಅರ್ಧ ಮಾತ್ರೆ

ಅಜ್ಜಿ ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೆಚ್ಚಾಗಿ ಶಾಲೆಯ ಯೂನಿಫಾರಂ. ಬೆಳೆಯುವ ಮಕ್ಕಳಿಗೆ ಅಂಚು ಬಿಚ್ಚಿ ಉದ್ದ ಮಾಡುವ ಕೆಲಸ. ಗಂಡ ಹೋದ ಮೇಲೆ ನಿದ್ದೆ ಹತ್ತದೆ, ಡಾಕ್ಟರು ಬರೆದುಕೊಟ್ಟ ಮಾತ್ರೆಯಲ್ಲಿ ಅರ್ಧ ಮುರಿದು ನುಂಗುವುದು ರೂಢಿಯಾಗಿಬಿಟ್ಟಿತ್ತು. ದಾರದ ಉಂಡೆಗಳ ಪಕ್ಕದಲ್ಲೇ ಅದರ ಡಬ್ಬಿ.

ಆ ವರ್ಷ ಮಾತ್ರೆಗಳು ತಿಂಗಳು ತುಂಬುವ ಮೊದಲೇ ಮುಗಿಯತೊಡಗಿದವು. ನುಂಗಿದ್ದು ಮರೆತು ಮತ್ತೆ ನುಂಗುತ್ತಿದ್ದೇನೋ ಏನೋ ಎಂದು ಅಜ್ಜಿಗೆ ಒಳಗೊಳಗೇ ಪುಕಪುಕ. ಮಗಳಿಗೆ ಗೊತ್ತಾದರೆ ಮರೆವಿನ ಕಾಯಿಲೆಯೆಂದು ಕತ್ತರಿಯನ್ನೂ ಕಿತ್ತಿಟ್ಟಾಳು ಎಂದು ತುಟಿ ಪಿಟಕ್ಕೆನ್ನಲಿಲ್ಲ.

ಮನೆಯಲ್ಲಿದ್ದವರು ಮೂವರೇ. ಮಗಳು ಬಸ್ಸಿನ ಡ್ರೈವರು. ಮೊಮ್ಮಗಳಿಗೆ ಹದಿಮೂರು, ಮಾತು ನಿಲ್ಲಿಸದ ಕಾರಣ ಎಲ್ಲರ ಬಾಯಲ್ಲೂ ಅವಳು ರೇಡಿಯೊ. ಹೊಸ ಶಾಲೆಗೆ ಸೇರಿದಾಗಿನಿಂದ ಅವಳ ಮಾತು ಇಳಿದಿತ್ತು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡು ತಾಯಿ, ಅಜ್ಜಿ ಇಬ್ಬರೂ ಸುಮ್ಮನಿದ್ದರು.

ಒಂದು ಸಂಜೆ ಅಜ್ಜಿ ರೇಡಿಯೊಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಲಂಗದ ಅಂಚು ಮಡಚುತ್ತಿದ್ದಳು. ಹುಡುಗಿ ನಿಂತಲ್ಲೇ ತೂಗಾಡಿದಳು. ಹಿಡಿಯಹೋದ ಅಜ್ಜಿಯ ಕೈಗೆ ಲಂಗದ ಜೇಬಿನಲ್ಲಿ ಕಾಗದದ ಸಣ್ಣ ಪೊಟ್ಟಣ ತಗುಲಿತು. ಬಿಚ್ಚಿದರೆ ಅರ್ಧ ಮಾತ್ರೆ.

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ತುಂಬ ಪಿನ್ನು. ಒಂದೊಂದನ್ನೇ ತೆಗೆದು ಡಬ್ಬಿಗೆ ಹಾಕುವಷ್ಟರಲ್ಲಿ ಸಿಟ್ಟು ಇಳಿದು ಹೆದರಿಕೆ ಉಳಿದಿತ್ತು. ಹುಡುಗಿಯನ್ನು ಕೆಳಗಿಳಿಸಿ ಪಕ್ಕದಲ್ಲಿ ಕೂರಿಸಿಕೊಂಡಳು.

ರೇಡಿಯೊ ತಲೆ ತಗ್ಗಿಸಿಯೇ ಎಲ್ಲ ಹೇಳಿದಳು. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ಸಾಕು, ಎದೆ ಡವಡವ, ಕೈ ತಣ್ಣಗೆ, ಉಸಿರು ಸಿಗುವುದಿಲ್ಲ. ಒಮ್ಮೆ ಎಲ್ಲರೂ ನಕ್ಕಿದ್ದರು. ಅಜ್ಜಿಗೆ ಸಮಾಧಾನ ಕೊಡುವ ಮಾತ್ರೆ ತನಗೂ ಕೊಡಬಹುದೆಂದು ಒಂದು ಬೆಳಿಗ್ಗೆ ನುಂಗಿ ನೋಡಿದ್ದಳು. ಈಗ ಅರ್ಧ ಸಾಲುತ್ತಿರಲಿಲ್ಲ.

"ತಗೊಂಡ್ರೆ ಎಲ್ಲ ದೂರ ಹೋಗತ್ತೆ ಅಜ್ಜಿ. ನಗೋರೂ ದೂರ, ನಾನೂ ದೂರ."

"ನಾನೂ ಅದಕ್ಕೇ ಕಣೇ ತಗೊಳ್ಳೋದು," ಎಂದಳು ಅಜ್ಜಿ. "ಈಗ ಯಾರನ್ನ ಬೈಲಿ, ಹೇಳು?"

ಮಗಳು ಕೆಲಸದಿಂದ ಬಂದು ಖಾಕಿ ಅಂಗಿಯಲ್ಲೇ ಕೂತು ಕೇಳಿದಳು. ಮಾತ್ರೆಯನ್ನು ಕೈಗೆ ಸಿಗುವಂತೆ ಇಟ್ಟಿದ್ದಕ್ಕೆ ಮೊದಲು ಅಜ್ಜಿಗೆ ಬೈಗುಳ ಬಿತ್ತು. ಆಮೇಲೆ ರೇಡಿಯೊಳನ್ನು ತಬ್ಬಿಕೊಂಡು ಅತ್ತಳು. ಮರುದಿನ ರಜೆ ಹಾಕಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಗದರಲಿಲ್ಲ. ಇದು ಹುಡುಗಿಯ ತಪ್ಪಲ್ಲ, ಭಯಕ್ಕೂ ಚಿಕಿತ್ಸೆ ಇದೆ, ಆದರೆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು, ತಾನು ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು ಎಂದರು. ಡಬ್ಬಿ ತಾಯಿಯ ಬೀಗದೊಳಗೆ ಇರಲಿ ಎಂದರು. ಆಮೇಲೆ ಅಜ್ಜಿಯತ್ತ ತಿರುಗಿ, ಎಷ್ಟು ವರ್ಷದಿಂದ ತಗೊಳ್ತಿದ್ದೀರಿ ಎಂದು ಕೇಳಿದರು. ಹನ್ನೊಂದು. ಜೊತೆಗಿರಲೆಂದು ಹೋದ ಅಜ್ಜಿ ತಾನೂ ಮಾತ್ರೆ ಇಳಿಸುವ ಚೀಟಿ ಬರೆಸಿಕೊಂಡು ಬಂದಳು.

ಇಳಿಸುವುದು ಸುಲಭವಾಗಲಿಲ್ಲ. ಒಮ್ಮೆ ರೇಡಿಯೊ ಬೀಗದ ಕೈ ಹುಡುಕಾಡಿದಳು. ಆಮೇಲೆ ತಾನೇ ಬಂದು ತಾಯಿಗೆ ಹೇಳಿದಳು. ಅಜ್ಜಿಯೂ ನಿದ್ದೆಯಿಲ್ಲದೆ ಒಂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದಿಟ್ಟಳು. ಅದನ್ನು ನೋಡಿ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರು ರೇಡಿಯೊಳ ಜೊತೆ ಮಾತಾಡಿ, ಎದೆ ಹೊಡೆದುಕೊಂಡಾಗ ಉಸಿರನ್ನು ನಿಧಾನವಾಗಿ ಬಿಡುವುದನ್ನು ಕಲಿಸಿದರು. ಟೀಚರಿಗೂ ವಿಷಯ ತಿಳಿಸಿದರು. ಮೊದಮೊದಲು ಅವಳು ಕೂತೇ ಓದಿದಳು.

ಆರನೇ ತಿಂಗಳು ಎದ್ದು ನಿಂತು ಅರ್ಧ ಪುಟ ಓದಿದಳು. ಧ್ವನಿ ನಡುಗಿತು, ಆದರೆ ನಿಲ್ಲಲಿಲ್ಲ. ಆ ವಾರ ಡಾಕ್ಟರಮ್ಮನ ಮುಂದೆ ಕೂತು ಅದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಅಜ್ಜಿಗಿಂತ ಮೊದ್ಲು ನಾನೇ ಬಿಟ್ಟೆ," ಎಂದು ಸೇರಿಸಿದಳು.

"ಹೌದಮ್ಮಾ," ಎಂದಳು ಅಜ್ಜಿ, ಯಾವ ಸಂಕೋಚವೂ ಇಲ್ಲದೆ. "ನಂದಿನ್ನೂ ಕಾಲು ಮಾತ್ರೆ ಇದೆ. ಬಿಡ್ತೀನಿ, ಇವಳು ಬಿಡ್ಸದೆ ಇರ್ತಾಳಾ?"